ಹೊಲದಲ್ಲಿ ದುಡಿಯುವವರ ಸ್ನಾಯುಸೆಳೆತಕ್ಕೆ ಗಿಡಮೂಲಿಕೆಯ ಉಪಚಾರ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿಯುವಷ್ಟರಲ್ಲಿ ಬಿಸಿಲು ಬಲಿಯುತ್ತದೆ. ದಿನವಿಡೀ ಬಗ್ಗಿ ದುಡಿದವನ ಮೀನಖಂಡವು ಹಠಾತ್ತನೆ ಗಂಟುಕಟ್ಟಿದಂತೆ ಬಿಗಿದು, ಅವನು ಸಾಲಿನಲ್ಲಿಯೇ ಕುಸಿದು ಕುಳ್ಳಿರುವುದನ್ನು ಜಮೀನುದಾರರೆಲ್ಲರೂ ಬಲ್ಲರು. ದೃಷ್ಟಿ ತಗಲಿತೆಂದು ಮೆಣಸಿನಕಾಯಿ ನಿವಾಳಿಸುವುದರಿಂದ ಫಲವಿಲ್ಲ. ಸ್ನಾಯು ದಣಿಯುವುದೂ, ಬೆವರಿನೊಡನೆ ನೀರೂ ಉಪ್ಪೂ ಮೈಯಿಂದ ಹೊರಟುಹೋಗುವುದೂ ಇದಕ್ಕೆ ಕಾರಣಗಳು.

ಆದಕಾರಣ ಮೊದಲು ಅವನನ್ನು ನೆರಳಿಗೆ ತಂದು, ಮೊಳಕಾಲನ್ನು ನೀಡಿಸಿ, ಪಾದದ ಬೆರಳುಗಳನ್ನು ಮೆಲ್ಲನೆ ಅವನ ಕಡೆಗೆ ಎಳೆದು ಹಿಡಿಯತಕ್ಕದ್ದು. ಬಳಿಕ ಉಪ್ಪು ಬೆರೆಸಿದ ಮಜ್ಜಿಗೆಯನ್ನಾಗಲಿ, 1 ಲೀಟರು ಶುದ್ಧ ನೀರಿನಲ್ಲಿ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಕರಗಿಸಿದ ಪಾನಕವನ್ನಾಗಲಿ ಕುಡಿಸಬೇಕು.

ಸೆಳೆತ ಬಿಟ್ಟ ಮೇಲೆ ಉಳಿಯುವ ನೋವಿಗೆ ನಮ್ಮ ಹಿರಿಯರು ನಂಬಿದ ಗಿಡ ಲಕ್ಕಿ. ಸಂಸ್ಕೃತದಲ್ಲಿ ಇದಕ್ಕೆ ನಿರ್ಗುಂಡಿಯೆಂದು ಹೆಸರು. ಹಳ್ಳದ ದಂಡೆಯಲ್ಲಿಯೂ ಬೇಲಿಯಲ್ಲಿಯೂ ತಾನಾಗಿ ಬೆಳೆಯುವುದು, ಕೊಳ್ಳುವ ಖರ್ಚಿಲ್ಲ. ಒಂದು ಹಿಡಿ ಎಲೆಯನ್ನು ಔಡಲ ಎಣ್ಣೆಯೊಡನೆ ಹಂಚಿನ ಮೇಲೆ ಬಾಡಿಸಿ, ಅರಿವೆಯಲ್ಲಿ ಗಂಟು ಕಟ್ಟಿ ಕಾವು ಕೊಡಬೇಕು. ಗಂಟನ್ನು ತನ್ನ ಮುಂಗೈಗೆ ಮುಟ್ಟಿಸಿ ನೋಡದೆ ಪರರ ಮೈಗೆ ಇಡಲಾಗದು. ಈ ಎಲೆಯ ಸತ್ವವು ಬಾವು ನೋವುಗಳನ್ನು ತಗ್ಗಿಸುವುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಕಾವಿನ ಗುಣವೂ ಅದರಲ್ಲಿ ಕಡಿಮೆಯೇನಲ್ಲ. ಹೊಟ್ಟೆಯ ಮುರಿತಕ್ಕೆ ಅಜವಾನದ ಕಷಾಯವು ವಾಡಿಕೆಯಲ್ಲಿದೆ.

ಮದಗುಣಿಕೆಯ ಬೀಜವನ್ನು ಮಾತ್ರ ಎಷ್ಟು ಅಲ್ಪವಾದರೂ ಹೊಟ್ಟೆಗೆ ಕೊಡಕೂಡದು. ಅದರಿಂದ ಬುದ್ಧಿಭ್ರಮಣೆಯೂ ಮರಣವೂ ಸಂಭವಿಸುವವು. ಎಕ್ಕೆಯ ಹಾಲು ಕಣ್ಣಿಗೆ ತಾಗದಂತೆ ಎಚ್ಚರವಹಿಸತಕ್ಕದ್ದು.

ಇನ್ನೊಂದು ಸೆಳೆತವುಂಟು, ಅದಕ್ಕೆ ಯಾವ ಸೊಪ್ಪೂ ಮದ್ದಲ್ಲ. ಕುಡುಗೋಲಿನ ಗಾಯವೋ ಮುಳ್ಳಿನ ಚುಚ್ಚೋ ಆದ ಬಳಿಕ, ಸಾಮಾನ್ಯವಾಗಿ 3 ರಿಂದ 21 ದಿನಗಳೊಳಗೆ, ದವಡೆ ಬಿಗಿದು, ನುಂಗಲು ಬಾರದೆ, ಬೆನ್ನು ಬಿಲ್ಲಿನಂತೆ ಬಾಗುವುದು. ಇದೇ ಧನುರ್ವಾಯು. ಇದರ ರೋಗಾಣುಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವುದರಿಂದ, ಗಾಯಕ್ಕೆ ಸಗಣಿ ಮೆತ್ತುವ ಪದ್ಧತಿಯನ್ನು ಊರ ಪ್ರಮುಖರು ನಿಲ್ಲಿಸಲೇಬೇಕು. ದವಡೆ ಬಿಗಿದವನ ಬಾಯಿಗೆ ಕಷಾಯ ಹೊಯ್ದರೆ ಉಸಿರು ಕಟ್ಟುವುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಗಾಯವಾದವರು ಅದನ್ನು ಸಾಬೂನು ನೀರಿನಿಂದ ತೊಳೆದು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ವಿಚಾರ ಕೇಳತಕ್ಕದ್ದು. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಈ ಲಸಿಕೆಯನ್ನು ಸರಕಾರವು ಉಚಿತವಾಗಿ ಹಾಕಿಸುತ್ತದೆ.