ಒಳಮೈ ತಿರುಗಿಸಿ ನೋಡಿ

ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರಿಗೆಲ್ಲ ಮನ್ಮಾಡ್ ಗೊತ್ತು. ಸೊಲ್ಲಾಪುರ, ದೌಂಡ್, ಅಹಿಲ್ಯಾನಗರ, ಕೋಪರಗಾಂವ್ ಹಿಂದೆ ಸರಿದು, ಕಿಟಕಿಯಾಚೆ ಅಂಕಾಯಿ-ಟಂಕಾಯಿ ಜೋಡಿಕೋಟೆಯ ಗುಡ್ಡ ಕಾಣಿಸಿದರೆ ಜಂಕ್ಷನ್ ಬಂತೆಂದೇ ಲೆಕ್ಕ. ಇಲ್ಲಿಂದ ಒಂದು ಹಳಿ ನಾಶಿಕ್ ಮೇಲೆ ಮುಂಬೈಗೆ, ಒಂದು ಭುಸಾವಳಕ್ಕೆ, ಮತ್ತೊಂದು ಛತ್ರಪತಿ ಸಂಭಾಜಿನಗರದ ಕಡೆಗೆ. ನಮ್ಮವರಲ್ಲಿ ಹೆಚ್ಚಿನವರು ಈ ಊರಿನ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ಮತ್ತೆ ಬೋಗಿ ಹತ್ತುತ್ತಾರೆ. ನಾನು ಮತ್ತು ನನ್ನ ಹೆಂಡತಿ ಒಮ್ಮೆ ಅಲ್ಲೇ ಇಳಿದೆವು. ಅವಳಿಗೆ ಒಂದು ಪೈಠಣಿ ಸೀರೆ ಬೇಕಿತ್ತು. ರೈಲು ಬಂದ ದಾರಿಯಲ್ಲೇ ಬಸ್ಸಿನಲ್ಲಿ ಹಿಂದಕ್ಕೆ ಹೋದರೆ ಯೇವಲಾ ಸಿಗುತ್ತದೆ. ಗೋದಾವರಿ ದಂಡೆಯ ಪೈಠಣ ಆ ಸೀರೆಗೆ ಹೆಸರು ಕೊಟ್ಟ ಊರು. ಇಂದು ಅದನ್ನು ಹೆಚ್ಚಾಗಿ ನೇಯುವ ಊರು ಯೇವಲಾ.

ಮಗ್ಗದ ಮುಂದೆ ಕುಳಿತಿದ್ದ ನೇಕಾರರು ಸೆರಗನ್ನು ಹರಡಿದರು. ನವಿಲು, ಬಳ್ಳಿ, ಜರಿಯ ಹೊಳಪು. ಹೆಂಡತಿ ಬೆರಗಾಗಿ ನೋಡುತ್ತಿದ್ದರೆ ಅವರು ತಲೆಯಾಡಿಸಿ, “ವಹಿನಿ, ಉಲಟಂ ಕರೂನ್ ಬಘಾ” ಎಂದರು. ಅತ್ತಿಗೆ, ತಿರುಗಿಸಿ ನೋಡಿ ಅಂತ. ತಿರುಗಿಸಿದೆವು. ಹಿಂಬದಿಯಲ್ಲೂ ಅದೇ ನವಿಲು, ಅದೇ ಬಳ್ಳಿ. ಒಂದು ಬಣ್ಣದ ಎಳೆ ಮುಗಿಯುವಲ್ಲಿ ಇನ್ನೊಂದನ್ನು ಕೊಂಡಿ ಹಾಕಿ ನೇಯುವುದರಿಂದ ಹಿಂದೆ ಜೋತಾಡುವ ದಾರಗಳೇ ಇಲ್ಲ. ಯಂತ್ರದ ನಕಲಿನಲ್ಲಿ ಮುಂದೆ ನವಿಲಿದ್ದರೆ ಹಿಂದೆ ದಾರದ ಜೊಂಪೆ. ನಕಲು ಮಾಡುವವನ ಗಮನವೆಲ್ಲ ಜನ ನೋಡುವ ಬದಿಯ ಮೇಲೆ ಇರುತ್ತದೆ.

ಬೆಂಗಳೂರಿಗೆ ಮರಳಿದ ರಾತ್ರಿ ನಾನು ಮಾಡಿದ ಮೊದಲ ಕೆಲಸವೆಂದರೆ ಬೀರು ತೆಗೆದು, ಅದರೊಳಗೆ ಜೋಪಾನವಾಗಿಟ್ಟಿದ್ದ ಪಶ್ಚಿಮ ಜರ್ಮನಿಯ 1990ರ ಫುಟ್‌ಬಾಲ್ ಜೆರ್ಸಿಯನ್ನು ಒಳಮೈ ಹೊರಗೆ ಮಾಡಿದ್ದು.

ಅದಕ್ಕೆ ಮೊದಲು, ಜೆರ್ಸಿಯ ಹುಚ್ಚು ಹಿಡಿದದ್ದು ಹೇಗೆಂದು ಹೇಳಬೇಕು. 1986ರ ಮೆಕ್ಸಿಕೊ ವಿಶ್ವಕಪ್ಪನ್ನು ದೂರದರ್ಶನ ನೇರವಾಗಿ ತೋರಿಸಿತು. ಅಲ್ಲಿ ನಡುಹಗಲು, ನಮಗೆ ರಾತ್ರಿ ಹನ್ನೊಂದೂವರೆ. ನಮ್ಮ ಮನೆಯ ಟಿವಿ ಕಪ್ಪು-ಬಿಳುಪಿನದು. ಅರ್ಜೆಂಟೀನಾದ ಪಟ್ಟೆಗಳು ನನಗೆ ಬೂದು, ಬ್ರೆಜಿಲ್‌ನ ಹಳದಿಯೂ ಒಂದು ಬಗೆಯ ಬೂದು. ಮರುದಿನದ ಪತ್ರಿಕೆಯ ಫೋಟೋ ಕೂಡ ಕಪ್ಪು-ಬಿಳುಪು. ಆಟಗಾರರ ಹೆಸರು, ನಂಬರು, ಓಟದ ಶೈಲಿ ಎಲ್ಲ ಬಾಯಿಪಾಠವಾಗಿದ್ದ ಹುಡುಗನಿಗೆ ಅವರು ತೊಟ್ಟಿದ್ದ ಅಂಗಿಯ ಬಣ್ಣ ಮಾತ್ರ ಊಹೆ. ದೊಡ್ಡವನಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಆ ಬಣ್ಣಗಳನ್ನು ಒಂದೊಂದಾಗಿ ಕೈಯಾರೆ ಮುಟ್ಟಿ ನೋಡಬೇಕೆನ್ನಿಸಿತು. ನನ್ನ ಸಂಗ್ರಹಕ್ಕೆ ಇದಕ್ಕಿಂತ ದೊಡ್ಡ ಕಾರಣವೇನಿಲ್ಲ.

ಪಶ್ಚಿಮ ಜರ್ಮನಿಯ ಆ ಜೆರ್ಸಿ ನೋಡಿದವರು ಮರೆಯುವುದಿಲ್ಲ. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು, ಕೆಂಪು, ಹೊನ್ನಿನ ಮೂರು ಬಣ್ಣ ಅಂಕುಡೊಂಕಾಗಿ ಹರಿದ ಪಟ್ಟಿ. ಇನಾ ಫ್ರಾಂಝ್‌ಮನ್ ಎಂಬಾಕೆಯ ವಿನ್ಯಾಸ. 1990ರ ಜುಲೈ 8ರಂದು ರೋಮ್‌ನಲ್ಲಿ ಆ ಅಂಗಿಯವರು ಕಪ್ ಎತ್ತಿದರು. ಅಕ್ಟೋಬರ್ 3ಕ್ಕೆ ಪಶ್ಚಿಮ ಜರ್ಮನಿ ಎಂಬ ದೇಶವೇ ಇರಲಿಲ್ಲ. ದೇಶ ಹೋಗಿ ಅಂಗಿ ಉಳಿಯಿತು. ಇಂಥದ್ದೊಂದು ಅಂಗಿಯನ್ನು ಬೆಂಗಳೂರಿನ ಒಂದು ಅಂಗಡಿಯಲ್ಲಿ, “ಪಕ್ಕಾ ಒರಿಜಿನಲ್ ಸಾರ್, ಆ ಕಾಲದ್ದೇ” ಎಂಬ ಮಾತು ನಂಬಿ ತಂದಿದ್ದೆ. ಎದೆಯ ಮೇಲಿನ ಅಡಿಡಾಸ್‌ನ ಮೂರೆಲೆಯ ಗುರುತು ಸರಿಯಿತ್ತು, ಪಟ್ಟಿಯೂ ಸರಿಯಿತ್ತು. ತಿರುಗಿಸಿದಾಗ ಪಕ್ಕದ ಹೊಲಿಗೆಯಲ್ಲಿ ಸಣ್ಣ ಚೀಟಿ ಸಿಕ್ಕಿತು. ಅದರ ಮೇಲೆ ಒಂದು ವೆಬ್‌ಸೈಟ್ ವಿಳಾಸ! 1990ರಲ್ಲಿ ಹೊಲಿದ ಅಂಗಿಯ ಮೇಲೆ ಅದು ಎಲ್ಲಿಂದ ಬರಬೇಕು? ಲಾಂಛನದ ಕಸೂತಿಯ ಹಿಂದೆ ದಪ್ಪ ಕಾಗದದಂಥ ಅಸ್ತರು, ಕತ್ತರಿಸದೆ ಬಿಟ್ಟ ದಾರಗಳು. ಯೇವಲಾದಲ್ಲಿ ಕಂಡ ನಕಲಿ ಸೆರಗಿನ ಬೆನ್ನೇ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ, ಅಷ್ಟು ವರ್ಷ ಸುಳ್ಳು ಅಂಗಿಯೊಂದನ್ನು ಮುದ್ದಿನಿಂದ ಮಡಿಸಿಟ್ಟೆನಲ್ಲ ಎಂಬ ನೋವು ದೊಡ್ಡದು.

ಆಮೇಲೆ ಕಲಿತೆ. ಹಳೆಯ ಜೆರ್ಸಿಯ ವಯಸ್ಸು ಹೇಳುವುದು ಬಟ್ಟೆ, ಗುರುತು ಮತ್ತು ಚೀಟಿ. ಅಡಿಡಾಸ್ ಮೂರೆಲೆಯ ಗುರುತನ್ನು 1972ರಲ್ಲಿ ತಂದಿತು; 1990ರ ದಶಕದ ಆರಂಭದಲ್ಲಿ ಆಟದಂಗಳದ ಅಂಗಿಗಳಿಗೆ ಓರೆಪಟ್ಟೆಗಳ ಬೇರೆ ಗುರುತು ಬಂತು. ಹಾಗಾಗಿ 1986ರ ಅಂಗಿಯ ಮೇಲೆ ಆ ಓರೆಪಟ್ಟೆ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಈಚಿನ ಅಂಗಿಗಳಲ್ಲಿ ಒಳಗಿನ ಚಿಕ್ಕ ಚೀಟಿಯಲ್ಲಿ ಉತ್ಪನ್ನದ ಕೋಡ್ ಇರುತ್ತದೆ. ಅದನ್ನು ಫೋನಿನಲ್ಲಿ ಹುಡುಕಿದರೆ ಅದೇ ಅಂಗಿಯ ಚಿತ್ರ ಬರಬೇಕು. ನಕಲಿನವರು ಒಂದೇ ಕೋಡನ್ನು ನೂರು ಬಗೆಯ ಅಂಗಿಗೆ ಹೊಡೆಯುತ್ತಾರೆ. ಬ್ರೆಜಿಲ್ ಜೆರ್ಸಿಯ ಕೋಡ್ ಹುಡುಕಿದರೆ ಓಡುವ ಬೂಟು ಬಂದರೂ ಬಂತು. ‘ಫಸ್ಟ್ ಕಾಪಿ’ ಎಂದು ಬಾಯಿಬಿಟ್ಟು ಹೇಳಿ ಮಾರುವವನ ಮೇಲೆ ನನಗೆ ಸಿಟ್ಟಿಲ್ಲ. ಕಂಪನಿಗಳೇ ಹಳೆಯ ವಿನ್ಯಾಸವನ್ನು ಮತ್ತೆ ಹೊಲಿದು ಮಾರುವುದೂ ಇದೆ. ಅದು ಪುಸ್ತಕದ ಮರುಮುದ್ರಣದ ಹಾಗೆ. ಓದಲು ಅಡ್ಡಿಯಿಲ್ಲ, ಆದರೆ ಮೊದಲ ಮುದ್ರಣ ಅನ್ನಬಾರದು. ಮೊದಲ ಮುದ್ರಣ ಎಂದು ಕೈಗಿಡುವವನು ಮಾತ್ರ ಮೋಸಗಾರ.

ಅಸಲಿಯಲ್ಲೂ ಅಂತಸ್ತುಗಳಿವೆ. ಅಭಿಮಾನಿಗಳಿಗೆಂದು ಅಂಗಡಿಯಲ್ಲಿ ಮಾರಿದ್ದು ರೆಪ್ಲಿಕಾ. ಆಟಗಾರರಿಗೆಂದು ಹೊಲಿದು, ಮೈಗೆ ಏರದೆ ಉಳಿದದ್ದು ಪ್ಲೇಯರ್ ಇಶ್ಯೂ. ಮೈದಾನದ ಬೆವರು ಕುಡಿದದ್ದು ಮ್ಯಾಚ್‌ವೋರ್ನ್. ಈ ಕೊನೆಯದರ ದೊಡ್ಡ ಕಥೆ ಬೂದು ಬಣ್ಣದಲ್ಲಿ ನಾನು ನೋಡಿದ ಅದೇ 1986ರದು. ಉರುಗ್ವೆ ವಿರುದ್ಧ ಅರ್ಜೆಂಟೀನಾ ತೊಟ್ಟ ಕಡುನೀಲಿ ಅಂಗಿ ಮೆಕ್ಸಿಕೊದ ಬಿಸಿಲಿಗೆ ತೀರಾ ಭಾರವಾಯಿತು. ಇಂಗ್ಲೆಂಡ್ ಪಂದ್ಯಕ್ಕೂ ನೀಲಿಯೇ ತೊಡಬೇಕು. ಕಂಪನಿಯಿಂದ ಹೊಸತು ತರಿಸಲು ಸಮಯವಿಲ್ಲ. ತರಬೇತುದಾರ ಬಿಲಾರ್ಡೊ, ರೂಬೆನ್ ಮೊಸ್ಕೆಲ್ಲಾ ಎಂಬ ಸಿಬ್ಬಂದಿಯನ್ನು ಮೆಕ್ಸಿಕೊ ಸಿಟಿಯ ಅಂಗಡಿಗಳಿಗೆ ಅಟ್ಟಿದರು. ಅವರು ತಂದ ಎರಡು ಬಗೆಯಲ್ಲಿ ಮರಡೋನಾ ಒಂದನ್ನು ಮೆಚ್ಚಿದರು. ಲಾಂಛನಗಳನ್ನು ಅವಸರದಲ್ಲಿ ಹೊಲಿದರು. ಲಾಂಛನದ ಸುತ್ತ ಇರಬೇಕಾದ ಎಲೆಗಳ ಮಾಲೆಯೇ ಅದರಲ್ಲಿಲ್ಲ. ನಂಬರುಗಳೋ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಣುವಂಥ ಮಿರುಗುವ ಬೆಳ್ಳಿಬಣ್ಣದವು. ಇಸ್ತ್ರಿಯ ಬಿಸಿಯಲ್ಲಿ ಅಂಟಿಸಿದ್ದು. ಜೂನ್ 22ರಂದು ಆ ಅಂಗಿಯಲ್ಲಿ ಮರಡೋನಾ ಕೈಯಿಂದ ಒಂದು ಗೋಲು, ಅರ್ಧ ಇಂಗ್ಲೆಂಡ್ ತಂಡವನ್ನು ದಾಟಿ ಇನ್ನೊಂದು ಗೋಲು ಹೊಡೆದರು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡ್‌ನ ಸ್ಟೀವ್ ಹಾಜ್ ಅಂಗಿ ಬದಲಾಯಿಸಿಕೊಂಡರು. 2022ರ ಮೇ ತಿಂಗಳಲ್ಲಿ ಸದಬೀಸ್ ಹರಾಜಿನಲ್ಲಿ ಅದಕ್ಕೆ 71 ಲಕ್ಷ ಪೌಂಡ್ ಬಂತು, ಅಂದರೆ ನಮ್ಮ 70 ಕೋಟಿ ರೂಪಾಯಿಯ ಹತ್ತಿರ. ಅದೇ ಅಂಗಿ ಹೌದೋ ಅಲ್ಲವೋ ಎಂಬ ವಿವಾದವೆದ್ದಾಗ ಹಳೆಯ ಫೋಟೋಗಳಲ್ಲಿನ ನಂಬರಿನ ಮಿರುಗು, ಹೊಲಿಗೆಯ ಓರೆಕೋರೆಗಳನ್ನು ಹೋಲಿಸಿ ನೋಡಿದರು. ಯಾವುದು ತಪ್ಪಾಗಿ ಹೊಲಿದಿತ್ತೋ ಅದೇ ಸಾಕ್ಷಿ ಹೇಳಿತು.

ಇಷ್ಟೆಲ್ಲ ಪರದೇಶದ ಅಂಗಿಗಳ ನಡುವೆ ನನ್ನ ಬೀರುವಿನಲ್ಲಿ ನಮ್ಮದೇ ದೇಶದ ಅಂಗಿ ಎಷ್ಟಿವೆ ಎಂದು ಒಂದು ದಿನ ಎಣಿಸಿದೆ. ಒಂದೂ ಇರಲಿಲ್ಲ. ಬೆಂಗಳೂರಿನವನಿಗೆ ಇದು ನಾಚಿಕೆಯ ವಿಷಯ. ಏಕೆಂದರೆ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವರು ಮೈಸೂರು ರಾಜ್ಯ ತಂಡದ ಸಾರಂಗಪಾಣಿ ರಾಮನ್. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿ, ಕೊನೆಯ ಗಳಿಗೆಯಲ್ಲಿ 2-1ರಿಂದ ಸೋತೆವು. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಧನರಾಜ್ ಇದ್ದರು. ಅಹಮದ್ ಖಾನ್ ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂಬ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1952ರ ಒಲಿಂಪಿಕ್ಸ್‌ನಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಮಣ್ಣುಮುಕ್ಕಿದಾಗ ಆ ಒಂದು ಗೋಲು ಅವರದು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು ಮಣಿಸಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ಗಲ್ಲಿಗಳಲ್ಲಿ ಚೆಂಡು ಒದ್ದೇ ಬೆಳೆಯುವ ಹುಡುಗರು ಇಂದಿಗೂ ಇದ್ದಾರೆ. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

1948ರ ತಂಡದ ಫೋಟೋ ನೋಡಿದಾಗಲೆಲ್ಲ ನಮ್ಮ ಮನೆಯ ಹಳೆಯ ಟಿವಿ ನೆನಪಾಗುತ್ತದೆ. ಮತ್ತೆ ಬೂದು. ಕಾಲರಿನ ಅಗಲ ಕಾಣುತ್ತದೆ, ತೋಳಿನ ಉದ್ದ ಕಾಣುತ್ತದೆ. ಆ ನೀಲಿ ಆಕಾಶದ್ದೋ, ಇಂಕಿನದೋ, ಬಟ್ಟೆ ಎಷ್ಟು ದಪ್ಪ, ನಂಬರನ್ನು ಯಾರ ಕೈ ಹೊಲಿಯಿತು, ಇದನ್ನೆಲ್ಲ ಅಂಗಿಯೇ ಹೇಳಬೇಕು. ಬ್ರೆಜಿಲ್‌ನವರು 1950ರಲ್ಲಿ ಮರಕಾನಾದಲ್ಲಿ ಸೋತ ಮೇಲೆ ಬಿಳಿ ಅಂಗಿಯನ್ನೇ ಕೈಬಿಟ್ಟು, ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಆಲ್ಡಿರ್ ಶ್ಲೀ ಎಂಬ ಹತ್ತೊಂಬತ್ತರ ಹುಡುಗ ಬರೆದುಕೊಟ್ಟ ಹಳದಿಯನ್ನು ತೊಟ್ಟರು. ಆ ಅಂಗಿಯ ಪ್ರತಿ ಹೊಲಿಗೆಯ ಚರಿತ್ರೆಯೂ ಅವರಿಗೆ ಗೊತ್ತು. ನಮ್ಮಲ್ಲಿ ಆಟಗಾರ ನಿವೃತ್ತನಾದರೆ ಅಂಗಿ ಟ್ರಂಕು ಸೇರುತ್ತದೆ. ಟ್ರಂಕಿನಿಂದ ಮೊಮ್ಮಕ್ಕಳ ಕೈಗೆ, ಅಲ್ಲಿಂದ ನೆಲ ಒರೆಸುವ ಬಟ್ಟೆಗೆ ಎಷ್ಟು ದೂರ? ಬೆಂಗಳೂರು ಮುಸ್ಲಿಮ್ಸ್ 1937, 1938ರಲ್ಲಿ ರೋವರ್ಸ್ ಕಪ್ ಗೆದ್ದ ಕಾಲದಿಂದ ಮೈಸೂರು ರಾಜ್ಯ ನಾಲ್ಕನೆಯ ಸಲ ಸಂತೋಷ್ ಟ್ರೋಫಿ ಗೆದ್ದ 1969ರವರೆಗೆ ಆಡಿದವರ ಮನೆಗಳು ಇದೇ ಊರಿನಲ್ಲಿವೆ. ಹಳೆಯ ಪೆಟ್ಟಿಗೆ ಖಾಲಿ ಮಾಡುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಎದೆಯ ಮೇಲೆ ಲಾಂಛನವಿರುವ ಹಳೆಯ ನೀಲಿ ಅಂಗಿ ಸಿಕ್ಕರೆ ದಯವಿಟ್ಟು ಒಗೆಯಬೇಡಿ, ಹರಿಯಬೇಡಿ. ಯಾರು, ಯಾವ ವರ್ಷ, ಯಾವ ಊರಿನಲ್ಲಿ ತೊಟ್ಟಿದ್ದರು ಎಂದು ಮನೆಯ ಹಿರಿಯರಿಂದ ಕೇಳಿ, ಚೀಟಿಯಲ್ಲಿ ಬರೆದು ಅದರೊಂದಿಗಿಡಿ. ಆ ಚೀಟಿ ಇಲ್ಲದ ಅಂಗಿ ಇನ್ನೊಂದು ತಲೆಮಾರಿಗೆ ಬರೀ ಅಂಗಿ.

ಸಿಗದಿರುವುದಕ್ಕೆ ಕೊರಗುವುದನ್ನು ಬಿಟ್ಟು, ಸಿಗುವುದನ್ನು ಕೂಡಿಡತೊಡಗಿದೆ. ಸುನಿಲ್ ಚೆಟ್ರಿ 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿದಾಗ ಭಾರತ ತಂಡದ ಅಂಗಿ ಅಡಿಡಾಸ್‌ನದು. 2006ರಿಂದ ನೈಕಿ. 2018ರ ಡಿಸೆಂಬರಿನಲ್ಲಿ ನಮ್ಮದೇ ದೇಶದ ಸಿಕ್ಸ್‌ಫೈವ್‌ಸಿಕ್ಸ್ ಬಂತು, 2023ರ ಸೆಪ್ಟೆಂಬರಿನಲ್ಲಿ ಪರ್ಫಾರ್ಮ್ಯಾಕ್ಸ್. ಒಬ್ಬನೇ ಆಟಗಾರನ ಬದುಕಿನಲ್ಲಿ ನಾಲ್ಕು ತಯಾರಕರು! ಇವುಗಳಲ್ಲಿ ನನಗೆ ಹೆಚ್ಚು ಪ್ರೀತಿ ಸಿಕ್ಸ್‌ಫೈವ್‌ಸಿಕ್ಸ್‌ನ ಮೇಲೆ. 2019ರ ಜನವರಿಯಲ್ಲಿ ಏಷ್ಯಾಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಮಣಿಸಿದ ಅಂಗಿ ಅವರದು. 2023ರ ಜುಲೈ 4ರ ರಾತ್ರಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ಎದುರು ಪೆನಾಲ್ಟಿಗಳಲ್ಲಿ ಸ್ಯಾಫ್ ಕಪ್ ಗೆದ್ದಾಗಲೂ ಅವರದೇ. ಸುಮಾರು ಎರಡು ತಿಂಗಳಲ್ಲಿ ತಯಾರಕರು ಬದಲಾದರು, ಆ ಅಂಗಿ ಹಳೆಯದಾಯಿತು. ಇನ್ನು ಮೂವತ್ತು ವರ್ಷಕ್ಕೆ ಯಾವ ಹುಡುಗನೋ ಇದನ್ನು ಹುಡುಕುತ್ತಾನೆ. ಅವನ ಕೈಗೆ ನಕಲು ಸಿಗಬಾರದೆಂದು ಟಿಕೆಟ್ಟನ್ನೂ ಬಿಲ್ಲನ್ನೂ ಅಂಗಿಯ ಮಡಿಕೆಯೊಳಗೆ ಇಟ್ಟಿದ್ದೇನೆ.

ಕಾಪಾಡುವ ವಿದ್ಯೆಗೆ ನಾನು ಬೇರೆ ಗುರುವನ್ನು ಹುಡುಕಲಿಲ್ಲ. ರೇಷ್ಮೆ ಸೀರೆಗೆ ಹೆಂಡತಿ ಏನು ಮಾಡುತ್ತಾಳೋ ಅದನ್ನೇ ಮಾಡುತ್ತೇನೆ. ತಣ್ಣೀರು, ಒಳಮೈ ಹೊರಗೆ, ನೆರಳಿನಲ್ಲಿ ಒಣಗಿಸುವುದು. ನಂಬರಿನ ಮೇಲೆ ಇಸ್ತ್ರಿ ಸೋಕಕೂಡದು. ಹ್ಯಾಂಗರಿಗೆ ತೂಗಿದರೆ ಭುಜ ಜಗ್ಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಬೇಕು. ಒಂದೇ ಮಡಿಕೆಯಲ್ಲಿ ಬಹಳ ದಿನ ಬಿಟ್ಟರೆ ಜರಿ ಮುರಿಯುವಂತೆ ನಂಬರಿನ ಅಚ್ಚೂ ಬಿರಿಯುತ್ತದೆ.

ಯೇವಲಾದ ಪೈಠಣಿ ಈಗ ಆ ಜೆರ್ಸಿಗಳ ಮೇಲಿನ ಅರೆಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಅವಳು ಸೀರೆ ಹೊರತೆಗೆದು ಮಂಚದ ಮೇಲೆ ಹರಡುತ್ತಾಳೆ. ಪಕ್ಕದಲ್ಲಿ ನಾನು ಜೆರ್ಸಿಗಳನ್ನು ಹರಡುತ್ತೇನೆ. ಮಡಿಕೆ ಬದಲಿಸುವ ಮೊದಲು ಇಬ್ಬರೂ ಒಮ್ಮೆ ಒಳಮೈ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇವೆ. ಆ ಜರ್ಮನಿಯ ಅಂಗಿಯನ್ನು ಎಸೆದಿಲ್ಲ. ಹೊಸದಾಗಿ ಜೆರ್ಸಿ ಕೂಡಿಡುವ ಹುಡುಗರು ಮನೆಗೆ ಬಂದರೆ ಮೊದಲು ಅವರ ಕೈಗೆ ಕೊಡುವುದು ಅದನ್ನೇ.