ಔಷಧಿ ಇದೆ, ಆದ್ರೂ ಯಾಕೆ ಸಾಯ್ತಿದ್ದಾರೆ?

ಯಾರದೋ ಮನೆ ಅಂಗಳಕ್ಕೆ ನಾಗರಹಾವು ಬಂತು ಅಂದ್ರೆ ನಾವು ಟಿವಿಯವರು ಕ್ಯಾಮೆರಾ ಹೊತ್ತು ಓಡ್ತೀವಿ. ಹಾವು ಹಿಡಿಯೋದು, ಚೀಲಕ್ಕೆ ಹಾಕೋದು, ಕಾಡಿಗೆ ಬಿಡೋದು, ಎಲ್ಲವನ್ನೂ ಮ್ಯೂಸಿಕ್ ಹಾಕಿ ಐದು ನಿಮಿಷ ತೋರಿಸ್ತೀವಿ. ಅದೇ ಹಾವು ಗದ್ದೆಯಲ್ಲಿ ಒಬ್ಬ ಕೂಲಿಯವನನ್ನು ಕಚ್ಚಿ, ಅವನು ಸತ್ತರೆ? ಪರದೆಯ ಕೆಳಗೆ ಒಂದು ಸಾಲು ಓಡುತ್ತೆ, ಅಷ್ಟೇ. ಮೊದಲು ನಮ್ಮ ತಪ್ಪು ಒಪ್ಪಿಕೊಂಡೇ ಮಾತು ಶುರು ಮಾಡ್ತೀನಿ.

ಲೆಕ್ಕ ನೋಡಿ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಜನ. ವರ್ಷಕ್ಕೆ ಸರಾಸರಿ 58,000. ಭಾಗಿಸಿ ನೋಡಿದ್ರೆ ಒಂಬತ್ತು ನಿಮಿಷಕ್ಕೆ ಒಂದು ಸಾವು. ನಮ್ಮ ಅರ್ಧ ಗಂಟೆಯ ಕಾರ್ಯಕ್ರಮ ಮುಗಿಯೋದ್ರೊಳಗೆ ಮೂವರು ಹೋಗಿರ್ತಾರೆ. ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದ್ರೆ ನಾಟಿ, ಕಳೆ ಕೀಳುವ ಕಾಲದಲ್ಲಿ. ಸತ್ತವರಲ್ಲಿ ಕಾಲು ಭಾಗದಷ್ಟು ಹದಿನೈದು ದಾಟದ ಮಕ್ಕಳು.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ರಜೆಗೆ ಊರಿಗೆ ಹೋಗಿದ್ದೆ. ನಮ್ಮ ತೋಟದ ಪಕ್ಕದ ರೈತರೊಬ್ಬರು ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕೋಕೆ ಹೊರಟರು. ಬರಿಗಾಲು, ಕೈಯಲ್ಲಿ ಬ್ಯಾಟರಿ ಇಲ್ಲ. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಮೊದಲು ಮಂತ್ರ ಹಾಕುವವರ ಮನೆ. ಅಲ್ಲಿಂದ ಹತ್ತಿರದ ಆಸ್ಪತ್ರೆ. ಅಲ್ಲಿ 'ಇಲ್ಲಿ ಆಗಲ್ಲ, ಮುಂದೆ ಕರ್ಕೊಂಡು ಹೋಗಿ' ಅಂದರು. ಮುಂದಿನ ಆಸ್ಪತ್ರೆ ಬರೋ ಮೊದಲೇ ಜೀವ ಹೋಗಿತ್ತು. ಊರಲ್ಲಿ ಎಲ್ಲರೂ ಹಣೆಬರಹ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ.

ಈಗ ಹಾಗೆ ಅನ್ನಿಸಲ್ಲ. ಯಂತ್ರ ಕೆಟ್ಟಾಗ ಎಂಜಿನಿಯರ್ ಹಣೆಬರಹ ಅನ್ನಲ್ಲ, ಯಾವ ಕೊಂಡಿ ಕಳಚಿದೆ ಅಂತ ಹುಡುಕ್ತಾನೆ. ಹಾವಿನ ವಿಷಕ್ಕೆ ಪ್ರತಿವಿಷ ಕಂಡುಹಿಡಿದು ನೂರು ವರ್ಷದ ಮೇಲಾಯ್ತು. ಅದು ನಮ್ಮ ದೇಶದಲ್ಲೇ ತಯಾರಾಗುತ್ತೆ. ಹಾಗಿದ್ರೆ ಕೊಂಡಿ ಕಳಚಿರೋದು ಎಲ್ಲಿ? ಕಚ್ಚಿದ ಜಾಗದಿಂದ ಇಂಜೆಕ್ಷನ್‌ವರೆಗಿನ ದಾರಿಯಲ್ಲಿ. ಒಂದೊಂದಾಗಿ ನೋಡೋಣ.

ಮೊದಲ ಕೊಂಡಿ ಕತ್ತಲು. ರೈತ ನಡುರಾತ್ರಿ ಗದ್ದೆಗೆ ಹೋಗೋದು ಶೋಕಿಗಲ್ಲ, ಕರೆಂಟ್ ಆಗ ಬರುತ್ತೆ ಅಂತ. ಪಂಪ್‌ಸೆಟ್‌ಗೆ ಹಗಲಲ್ಲಿ ವಿದ್ಯುತ್ ಕೊಡಿ. ಹಾವು ಕಡಿತ ತಡೆಯೋ ಯೋಜನೆ ಇಂಧನ ಇಲಾಖೆಯಿಂದಲೇ ಶುರುವಾಗುತ್ತೆ. ಸೋಲಾರ್ ಫೀಡರ್‌ಗಳ ಕೆಲಸ ಬೇಗ ಮುಗಿಸೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಅದರ ಜೊತೆಗೆ ಟಾರ್ಚು, ಗಮ್‌ಬೂಟು. ಇನ್ನು ಕಟ್ಟುಹಾವು ರಾತ್ರಿ ಮನೆಯೊಳಗೇ ಬಂದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತೆ. ನೋವು ಅಷ್ಟಾಗಿ ಆಗಲ್ಲ, ಕಚ್ಚಿದ್ದೇ ಗೊತ್ತಾಗದೇ ಇರಬಹುದು. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಇಲ್ಲಿ ಜೀವ ಉಳಿಸುತ್ತೆ.

ಎರಡನೇದು, ಕಚ್ಚಿದ ನಂತರದ ಮೊದಲ ಗಂಟೆ. ಮಂತ್ರ ಹಾಕಿಸಿದವರು ಬದುಕಿದ್ದಾರಲ್ಲ ಅಂತ ಕೇಳ್ತೀರಿ. ನಮ್ಮ ಬಹುಪಾಲು ಹಾವುಗಳಿಗೆ ಅಪಾಯಕಾರಿ ವಿಷವೇ ಇಲ್ಲ. ವಿಷ ಇರೋ ಹಾವೂ ಕೆಲವೊಮ್ಮೆ ವಿಷ ಬಿಡದೇ ಕಚ್ಚುತ್ತೆ. ಅಂಥವರು ಹೇಗಿದ್ರೂ ಬದುಕ್ತಿದ್ರು. ಹೆಸರು ಮಾತ್ರ ಮಂತ್ರಕ್ಕೆ. ಕೊಯ್ಯೋದು, ರಕ್ತ ಹೀರೋದು, ಹಗ್ಗದಿಂದ ಬಿಗಿದು ಕಟ್ಟೋದು, ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೀರಿ. ಕೈಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೇ ಕರ್ಕೊಂಡು ಹೋಗಿ. ಹಾವನ್ನು ಹುಡುಕಿ ಹೊಡೆಯೋಕೆ ನಿಲ್ಲಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಕೊಡೋದು ಒಂದೇ ಔಷಧಿ.

ಮೂರನೇದು ಅತಿ ಮುಖ್ಯ, ಹತ್ತಿರದ ಆಸ್ಪತ್ರೆ. 'ಸ್ಟಾಕ್ ಇದೆ' ಅಂದ್ರೆ ಸಾಲದು, ಎಷ್ಟಿದೆ? ಮೊದಲ ಸುತ್ತಿಗೇ 8ರಿಂದ 10 ವಯಲ್ ಬೇಕು. ಮಕ್ಕಳಿಗೂ ಅಷ್ಟೇ ಡೋಸ್, ಯಾಕಂದ್ರೆ ಹಾವು ಮಗು ಅಂತ ಕಡಿಮೆ ವಿಷ ಬಿಡಲ್ಲ. ಪುಡಿ ರೂಪದ ಔಷಧಿಗೆ ಫ್ರಿಜ್ ಕೂಡ ಕಡ್ಡಾಯವಲ್ಲ. ಮಂಡಲದ ವಿಷ ಏರಿದೆಯಾ ಅಂತ ತಿಳಿಯೋಕೆ ದೊಡ್ಡ ಲ್ಯಾಬ್ ಬೇಡ. ಶುದ್ಧವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೇ ಇಡಬೇಕು; ಹೆಪ್ಪುಗಟ್ಟದಿದ್ರೆ ವಿಷ ಏರಿದೆ ಅಂತ ಅರ್ಥ. ಎಷ್ಟೋ ಕಡೆ ಕೊರತೆ ಇರೋದು ಧೈರ್ಯದ್ದು. ಔಷಧಿಯಿಂದ ಅಲರ್ಜಿ ಆಗಿ ರೋಗಿ ಸತ್ತರೆ ಜನ ಹೊಡೀತಾರೆ ಅನ್ನೋ ಭಯಕ್ಕೆ ಯುವ ವೈದ್ಯರು ಮುಂದಕ್ಕೆ ಕಳಿಸಿಬಿಡ್ತಾರೆ. ಅವರಿಗೆ ತರಬೇತಿ ಕೊಡಿ, ಪಕ್ಕದಲ್ಲಿ ಅಡ್ರಿನಲಿನ್ ಇಡಿ, ಫೋನಿನಲ್ಲಿ ಒಬ್ಬ ತಜ್ಞರು ಸಿಗೋ ಹಾಗೆ ಮಾಡಿ. ಮೊದಲ ಡೋಸ್ ಕೊಟ್ಟೇ ಮುಂದೆ ಕಳಿಸಬೇಕು.

ನಾಲ್ಕನೇದು ಔಷಧಿಯ ಗುಣಮಟ್ಟ. ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬರೋದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಆಗುತ್ತೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಒಂದೆಡೆಯ ಔಷಧಿ ಇನ್ನೊಂದೆಡೆ ದುರ್ಬಲವಾಗಬಹುದು. ಬೇರೆ ಬೇರೆ ಭಾಗಗಳಲ್ಲಿ ವಿಷ ಸಂಗ್ರಹ ಕೇಂದ್ರ ತೆರೆಯಲೇಬೇಕು.

ಕೊನೇದು ಎಣಿಕೆ. ಲೆಕ್ಕಕ್ಕೆ ಸಿಗದ ಸಾವಿಗೆ ಬಜೆಟ್ ಸಿಗಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶಿಸಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ಘೋಷಣೆಯನ್ನು ಸಿರಿಂಜಿಗೆ ತುಂಬೋಕೆ ಆಗಲ್ಲ.

ಅದಕ್ಕೇ ನಿಮಗೊಂದು ಕೆಲಸ. ಮಳೆಗಾಲ ಶುರುವಾಗೋ ಮೊದಲು ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಎರಡೇ ಪ್ರಶ್ನೆ ಕೇಳಿ. ಹಾವಿನ ಔಷಧಿ ಎಷ್ಟು ವಯಲ್ ಇದೆ? ರಾತ್ರಿ ಎರಡು ಗಂಟೆಗೆ ಬಂದ್ರೆ ಕೊಡೋರು ಯಾರು? ಉತ್ತರ ಸಿಗದಿದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಅದೇ ಪ್ರಶ್ನೆ ಕೇಳಿ. ನಮ್ಮ ಪಕ್ಕದ ತೋಟದವರಿಗೋಸ್ಕರ ಆವತ್ತು ಇದನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.