ಎಪ್ಪತ್ತೆಂಟು ಮಳೆಗಾಲದ ಲೆಕ್ಕ

ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ, ಗೋಕಾಕದಲ್ಲಿ ಧುಮುಕುತ್ತಾಳೆ, ಎಡದಂಡೆ ಕಾಲುವೆ ಹಿಡಿದು ಮೂಡಲಗಿಯ ಕಬ್ಬಿನ ಹೊಲಗಳಿಗೂ ಹೋಗುತ್ತಾಳೆ. ಉಳಿದದ್ದು ಕೃಷ್ಣೆಯ ಪಾಲು. ಕೃಷ್ಣೆಯಲ್ಲಿ ನಂಬಿ ಹಂಚಿಕೊಳ್ಳಬಹುದಾದ ನೀರೆಷ್ಟು? ಮೂರು ರಾಜ್ಯಗಳ ಜಗಳ ನಿಂತದ್ದು ಈ ಪ್ರಶ್ನೆಯ ಮೇಲೆ.

ನಾಣ್ಯ ಚಿಮ್ಮಿದರೆ ರಾಜ ಬೀಳುವ ಸಂಭವ ಅರ್ಧ ಎಂದು ಕೂತಲ್ಲೇ ಹೇಳಬಹುದು. ಕವಡೆಯ ಮಾತು ಬೇರೆ. ಒಂದು ಮಗ್ಗುಲು ಉಬ್ಬು, ಇನ್ನೊಂದು ಚಪ್ಪಟೆ. ಅದು ಎಷ್ಟು ಸಲ ಅಂಗಾತ ಬೀಳುತ್ತದೆಂದು ತಿಳಿಯಲು ಎಸೆದು ಎಣಿಸಲೇಬೇಕು. ನದಿಯೂ ಕವಡೆಯ ಜಾತಿಯದೇ. ಎಣಿಕೆಯನ್ನು ನಂಬಬಹುದೆಂದು ಗಣಿತದಿಂದ ತೋರಿಸಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನು ತೀರಿಕೊಂಡ ಮೇಲೆ, 1713ರಲ್ಲಿ ಅಚ್ಚಾದ ಪುಸ್ತಕದ ಸಾರ ಇಷ್ಟು: ಪ್ರಯೋಗಗಳು ಹೆಚ್ಚಿದಷ್ಟೂ ಎಣಿಸಿ ಪಡೆದ ಪಾಲು ನಿಜವಾದ ಸಂಭವನೀಯತೆಯ ಸಮೀಪಕ್ಕೆ ಬರುವ ಭರವಸೆ ಹೆಚ್ಚುತ್ತದೆ.

ಕವಡೆಯನ್ನು ಬೇಕಾದಷ್ಟು ಸಲ ಎಸೆಯಬಹುದು. ಮಳೆಗಾಲ ಬರುವುದು ವರ್ಷಕ್ಕೊಂದೇ. ಮೂರು ರಾಜ್ಯಗಳ ಜಗಳ ತೀರಿಸಲು 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಗೆ ಆಸರೆಯಾದದ್ದು ವಿಜಯವಾಡದವರೆಗಿನ ಕೃಷ್ಣೆಯ ಹರಿವಿನ ಹಳೆಯ ದಾಖಲೆ: 1894–95ರಿಂದ 1971–72ರವರೆಗೆ, ಒಟ್ಟು 78 ವರ್ಷ. ಮೇಲಿನ ರಾಜ್ಯಗಳು ಬಳಸಿಕೊಂಡ ನೀರನ್ನೂ ಹರಿವಿಗೆ ಕೂಡಿಸಿದರು. ಇಂಥ ಲೆಕ್ಕದ ರೀತಿ ಸರಳ. ಹೆಚ್ಚು ನೀರು ಬಂದ ವರ್ಷವನ್ನು ಮೇಲಿಟ್ಟು, ಕಡಿಮೆ ಬಂದದ್ದನ್ನು ಕೆಳಗಿಟ್ಟು ಪಟ್ಟಿ ಮಾಡುವುದು. ಮೇಲಿನಿಂದ ಮುಕ್ಕಾಲು ಪಾಲು ವರ್ಷ ಎಣಿಸುವುದು. 78ರಲ್ಲಿ ಅದು 58–59ನೆಯ ಸಾಲು. ಅಲ್ಲಿ ಎಷ್ಟು ನೀರಿದೆಯೋ ಅದೇ ಶೇ 75ರ ಅವಲಂಬನೆಯ ಹರಿವು. ಕೃಷ್ಣೆಗೆ ಅದು 2060 ಟಿಎಂಸಿ ಅಡಿ ಎಂದಾಯಿತು. 1973ರ ತೀರ್ಪು ಅದನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು.

ಶೇ 75 ಎಂದರೆ ಮೂರು ವರ್ಷ ಸಮೃದ್ಧಿ, ನಾಲ್ಕನೆಯ ವರ್ಷ ಬರ ಎಂಬ ಸರದಿಯಲ್ಲ. ಕೊರತೆಯ ವರ್ಷಗಳು ಬೆನ್ನುಬೆನ್ನಿಗೂ ಬರಬಹುದು. ನೂರು ವರ್ಷದ ಮೇಲೆ ಕಣ್ಣಿಟ್ಟವರಿಗೆ ಈ ಪಾಲು ದಾರಿ ತೋರುತ್ತದೆ. ಬರುವ ಜೂನ್ ಹೇಗಿದ್ದೀತೆಂದು ಕೇಳುವ ಮೂಡಲಗಿಯ ರೈತನಿಗೆ ಅದರಲ್ಲಿ ಉತ್ತರವಿಲ್ಲ.

ಎಣಿಸುವ ವರ್ಷಗಳು ಬದಲಾದರೆ ಉತ್ತರವೂ ಬದಲಾಗುತ್ತದೆ. ಕೃಷ್ಣೆಯ ಹಂಚಿಕೆಗೆ ಮುಂದೆ ಬಂದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 1961–62ರಿಂದ 2007–08ರವರೆಗಿನ 47 ವರ್ಷಗಳನ್ನು ಹಿಡಿದು ಎಣಿಸಿತು. ಅದೇ ಶೇ 75ಕ್ಕೆ ಸಿಕ್ಕಿದ್ದು 2173 ಟಿಎಂಸಿ ಅಡಿ. ಎರಡು ಲೆಕ್ಕಗಳ ನಡುವಿನ ಅಂತರ 113 ಟಿಎಂಸಿ ಅಡಿ. 51 ಟಿಎಂಸಿ ಅಡಿ ಹಿಡಿಯುವ ಹಿಡಕಲ್ ಜಲಾಶಯವನ್ನು ಎರಡು ಸಲ ತುಂಬಿಸಿದರೂ ಇನ್ನೂ ಮಿಗುವಷ್ಟು ನೀರು.